ಏಷ್ಯಾಟಿಕ್ ಸೊಸೈಟಿ ಆಫ್ ಮುಂಬಯಿ ಮತ್ತು ಕನ್ನಡ ಸಂಶೋಧನೆ

ಇತಿಹಾಸ ಸಂಸ್ಥೆಯೊಂದರ ಕಾರ್ಯವನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ತನ್ನ ಸಂಗ್ರಹವನ್ನು ಪ್ರದರ್ಶಿಸುವುದು, ವಿದ್ವಾಂಸರಿಂದ ಉಪನ್ಯಾಸ ಮಾಡಿಸುವುದು, ಸಂಶೋಧಕರಿಗೆ ಆಕರಗಳನ್ನು ಒದಗಿಸುವುದು. ಮೊದಲೆರಡು ಸಾರ್ವಜನಿಕರ ಗಮನಕ್ಕೆ ಬರುತ್ತವೆ. ಮೂರನೆಯದು ವಾಚನಾಲಯದ ಮೌನದಲ್ಲಿ ನಡೆಯುತ್ತದೆ. ಈ ಮೂರರ ಪರಸ್ಪರ ಸಂಬಂಧವನ್ನು ಏಷ್ಯಾಟಿಕ್ ಸೊಸೈಟಿ ಆಫ್ ಮುಂಬಯಿಯ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರನಾಡಿನಲ್ಲಿ ಕೆಲಸ ಮಾಡುವ ಕನ್ನಡ ಸಂಶೋಧಕರಿಗೆ ಈ ಸಂಸ್ಥೆ ಅನೇಕ ಕಾರಣಗಳಿಂದ ಮುಖ್ಯವಾದುದು.

1804ರ ನವೆಂಬರ್ 26ರಂದು ಸರ್ ಜೇಮ್ಸ್ ಮ್ಯಾಕಿಂತೋಷ್ ಮುಂಬಯಿಯಲ್ಲಿ ಲಿಟರರಿ ಸೊಸೈಟಿಯನ್ನು ಸ್ಥಾಪಿಸಿದನು. ಮುಂದೆ ಅದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯಾಯಿತು. ಈಗಿನ ಹೆಸರನ್ನು ಪಡೆದುದು 2002ರಲ್ಲಿ. 1833ರಲ್ಲಿ ಪೂರ್ಣಗೊಂಡ ಟೌನ್‌ಹಾಲ್ ಇದರ ನೆಲೆ. ಸಂಸ್ಥೆಯ ಪತ್ರಿಕೆ 1841ರಲ್ಲಿ ಆರಂಭವಾಯಿತು. ಸ್ಥಾಪನೆಯ ಕಾಲಕ್ಕೆ ಇದು ಐರೋಪ್ಯರ ಕೂಟವೇ ಆಗಿದ್ದಿತು. ಮೊದಲ ಭಾರತೀಯ ಸದಸ್ಯರಾದ ಮಾಣಿಕ್‌ಜಿ ಕರ್ಸೆಟ್‌ಜಿ ಅವರಿಗೆ ಪ್ರವೇಶ ದೊರೆತದ್ದು 1840ರಲ್ಲಿ. ಕಾಶಿನಾಥ ತ್ರ್ಯಂಬಕ ತೆಲಂಗರು ಮೊದಲ ಭಾರತೀಯ ಅಧ್ಯಕ್ಷರಾದದ್ದು 1892ರಲ್ಲಿ. ಜ್ಞಾನದ ಭಂಡಾರ ಎಲ್ಲಿದೆ ಎಂಬ ಪ್ರಶ್ನೆಯಷ್ಟೇ ಅದರ ಬಾಗಿಲು ಯಾರಿಗೆ ತೆರೆಯಿತು ಎಂಬ ಪ್ರಶ್ನೆಯೂ ಮಹತ್ವದ್ದೆಂಬುದನ್ನು ಈ ಎರಡು ಇಸವಿಗಳು ತೋರಿಸುತ್ತವೆ.

ಪ್ರದರ್ಶನಯೋಗ್ಯವಾದ ವಸ್ತುಗಳು ಸಂಸ್ಥೆಯಲ್ಲಿ ಹೇರಳವಾಗಿವೆ. ಎಲ್ಫಿನ್‌ಸ್ಟನ್ ಕೊಡುಗೆಯಾಗಿ ಬಂದ ದಾಂತೆಯ ಮಹಾಕಾವ್ಯದ ಹಸ್ತಪ್ರತಿ, 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿಯವರು ಸೋಪಾರದ ಸ್ತೂಪದಲ್ಲಿ ಶೋಧಿಸಿದ ಬೌದ್ಧ ಅವಶೇಷಗಳು, ಪ್ರಾಚೀನ ನಾಣ್ಯಗಳು ಇವುಗಳಲ್ಲಿ ಪ್ರಸಿದ್ಧವಾದವು. ಇಂತಹ ವಸ್ತುಗಳು ನೋಡುಗರಲ್ಲಿ ಗೌರವವನ್ನೂ ಕುತೂಹಲವನ್ನೂ ಹುಟ್ಟಿಸುತ್ತವೆ. ಆದರೆ ಕನ್ನಡಕ್ಕೆ ಸಂಬಂಧಿಸಿದ ಸಾಮಗ್ರಿ ಗಾಜಿನ ಪೆಟ್ಟಿಗೆಯಲ್ಲಿಡುವಂಥದಲ್ಲ. ಅದರ ಬಹುಭಾಗ ಪತ್ರಿಕೆಯ ಹಳೆಯ ಸಂಪುಟಗಳಲ್ಲಿದೆ. ಅದನ್ನು ನೋಡಿದರೆ ಸಾಲದು, ಓದಬೇಕು.

ಉತ್ತರ ಕರ್ನಾಟಕದ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಆ ಭಾಗದ ಶಾಸನಗಳ ಆರಂಭದ ಅಧ್ಯಯನವು ಸಹಜವಾಗಿಯೇ ಈ ಪತ್ರಿಕೆಯ ಮೂಲಕ ಬೆಳಕು ಕಂಡಿತು. 1867ರಲ್ಲಿ ಮುಂಬಯಿಯ ಸಿವಿಲ್ ಸೇವೆಗೆ ಸೇರಿದ ಜೆ. ಎಫ್. ಫ್ಲೀಟ್ ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಸಂಸ್ಕೃತ ಹಾಗೂ ಹಳಗನ್ನಡ ಶಾಸನಗಳನ್ನು 1870ರ ದಶಕದಲ್ಲಿ ಇದರ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದನು. 1882ರಲ್ಲಿ ಹೊರಬಂದ ಆತನ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸಕ್ಕೆ ಇಂತಹ ಪ್ರಕಟಣೆಗಳೇ ತಳಹದಿ. ಕೆ. ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಸಂಪಾದಿಸಿದರು, ಆ ಕೃತಿಯ ಕರ್ತೃತ್ವದ ಚರ್ಚೆಗೂ ಈ ಪತ್ರಿಕೆ ವೇದಿಕೆಯಾಯಿತು. ನೃಪತುಂಗನೇ ಕರ್ತೃವೆಂಬುದು ಪಾಠಕರ ಪಕ್ಷ. ಫ್ಲೀಟ್ 1904ರಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅದನ್ನು ವಿರೋಧಿಸಿದನು. ಮುಂದಿನ ವಿದ್ವಾಂಸರಲ್ಲಿ ಬಹುಮಂದಿ ಶ್ರೀವಿಜಯನ ಕಡೆಗೆ ಒಲಿದಿದ್ದಾರೆ. ಕನ್ನಡದ ಆದ್ಯ ಲಕ್ಷಣಗ್ರಂಥವನ್ನು ಕುರಿತ ವಾದವು ತನ್ನ ಮೊದಲ ಘಟ್ಟದಲ್ಲಿ ಮುಂಬಯಿಯ ಪತ್ರಿಕೆಗಳಲ್ಲಿ, ಇಂಗ್ಲಿಷಿನಲ್ಲಿ ನಡೆಯಿತೆಂಬುದು ಗಮನಾರ್ಹ.

ಇಷ್ಟಾದರೂ ಆ ಸಂಪುಟಗಳಲ್ಲಿ ನಮಗೆ ಉಳಿದಿರುವ ಕೆಲಸವೇನು ಎಂಬ ಪ್ರಶ್ನೆ ಏಳುತ್ತದೆ. ಶಾಸನಗಳು ಮರುಮುದ್ರಣಗೊಂಡಿವೆ, ರಾಜವಂಶಗಳ ಕಾಲನಿರ್ಣಯ ಬಹುಮಟ್ಟಿಗೆ ನಡೆದಿದೆ ಎಂದು ಹೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಫ್ಲೀಟ್ ಶಾಸನಕ್ಕೆ ಕೇಳಿದ ಪ್ರಶ್ನೆಗಳು ವಂಶಾವಳಿಯವು, ಕಾಲದವು, ಅಧಿಕಾರದವು. ಅದೇ ಶಾಸನದಲ್ಲಿರುವ ಕಂದ, ವೃತ್ತಗಳು ಅವನ ಪಾಲಿಗೆ ಸಂಗತಿಯ ಸುತ್ತಣ ಹೊದಿಕೆಯಷ್ಟೆ. ಸಾಹಿತ್ಯದ ವಿದ್ಯಾರ್ಥಿಗೆ ಆ ಹೊದಿಕೆಯೇ ಆಕರ.

ಒಂದು ನಿದರ್ಶನವನ್ನು ನೋಡಬಹುದು. ಹತ್ತನೆಯ ಸಂಪುಟದ ರಟ್ಟ ಶಾಸನಗಳಲ್ಲಿ ಕಲ್ಹೋಳಿಯ 1204ರ ಶಾಸನವೂ ಒಂದು. ಅದು ನಾಲ್ವಡಿ ಕಾರ್ತವೀರ್ಯನ ಕಾಲದ್ದು. ಅದೇ ಅರಸನ ಆಶ್ರಯದಲ್ಲಿದ್ದ ಪಾರ್ಶ್ವಪಂಡಿತನು 1222ರಲ್ಲಿ ‘ಪಾರ್ಶ್ವನಾಥಪುರಾಣ’ವನ್ನು ರಚಿಸಿದನು. ಹದಿನೆಂಟು ವರ್ಷಗಳ ಅಂತರದಲ್ಲಿ ಒಂದೇ ಆಸ್ಥಾನದ ಪರಿಸರದಲ್ಲಿ ಹುಟ್ಟಿದ ಒಂದು ಶಾಸನವೂ ಒಂದು ಚಂಪೂಕಾವ್ಯವೂ ನಮ್ಮ ಮುಂದಿವೆ. ಇವುಗಳ ಸ್ತುತಿಭಾಗ, ನಾಡಿನ ವರ್ಣನೆ, ಛಂದಸ್ಸು, ಪದಪ್ರಯೋಗಗಳನ್ನು ಎದುರುಬದುರಾಗಿಟ್ಟು ಓದಿದರೆ ಆಸ್ಥಾನಕವಿಯ ಭಾಷೆ ಕಲ್ಲಿನಲ್ಲಿ ಹೇಗೆ, ಓಲೆಯಲ್ಲಿ ಹೇಗೆ ಎಂಬುದು ಖಚಿತವಾಗಿ ತಿಳಿದೀತು. ಇದಕ್ಕೆ ಶಾಸನಶಾಸ್ತ್ರದ ಪರಿಚಯವೂ ಹಳಗನ್ನಡ ಕಾವ್ಯದ ಪರಿಶ್ರಮವೂ ಒಬ್ಬರಲ್ಲಿಯೇ ಕೂಡಿರಬೇಕು.

ಎರಡನೆಯ ಅವಕಾಶ ಪಾಠಪರಿಷ್ಕರಣಕ್ಕೆ ಸಂಬಂಧಿಸಿದುದು. ಮುಂಬಯಿ ಕರ್ನಾಟಕದ ಶಾಸನಗಳ ವ್ಯವಸ್ಥಿತ ಸರ್ವೇಕ್ಷಣೆಯನ್ನು ಸರ್ಕಾರದ ಶಾಸನ ಇಲಾಖೆ ಕೈಗೊಂಡದ್ದು 1920ರ ದಶಕದಲ್ಲಿ. ಫ್ಲೀಟನ ಪಾಠಕ್ಕೂ ಅನಂತರದ ಅಚ್ಚಿನ ಆಧಾರದ ಪಾಠಕ್ಕೂ ನಡುವೆ ಅರ್ಧ ಶತಮಾನದ ಅಂತರವಿದೆ. ಆ ಅವಧಿಯಲ್ಲಿ ಸವೆದ ಅಕ್ಷರಗಳಿಗೆ ಹಳೆಯ ಪಾಠವೇ ಸಾಕ್ಷಿಯಾಗಬಲ್ಲದು. ಹಳೆಯ ಪಾಠದ ದೋಷಗಳಿಗೆ ಹೊಸ ಪಾಠವು ತಿದ್ದುಪಡಿಯಾಗಬಲ್ಲದು. ಎರಡನ್ನೂ ಇದಿರಿಟ್ಟು ಪಾಠಾಂತರಗಳನ್ನು ಕೊಡುವ ಕಾರ್ಯ ಶಾಸನದಿಂದ ಶಾಸನಕ್ಕೆ ನಡೆಯಬೇಕು. ಮೂರನೆಯದಾಗಿ, 1884ರಲ್ಲಿ ಪ್ರಕಟವಾದ ಬೆಳಗಾವಿ, ಧಾರವಾಡ, ಬಿಜಾಪುರ ಗ್ಯಾಸೆಟಿಯರುಗಳನ್ನೂ ಅದೇ ಕಾಲದ ಪತ್ರಿಕೆಯ ಲೇಖನಗಳನ್ನೂ ಒಟ್ಟಿಗೆ ಓದಿದರೆ, ಕರ್ನಾಟಕದ ಪ್ರಾಚೀನತೆಯ ಕಲ್ಪನೆ ಕಚೇರಿಯ ಭಾಷೆಯಲ್ಲಿ ಹೇಗೆ ರೂಪುಗೊಂಡಿತೆಂಬುದನ್ನು ಗುರುತಿಸಬಹುದು. 1914ರಲ್ಲಿ ಧಾರವಾಡದಲ್ಲಿ ಆಲೂರ ವೆಂಕಟರಾಯರು ಇತಿಹಾಸ ಸಂಶೋಧನ ಮಂಡಲವನ್ನು ಕಟ್ಟಿದಾಗ, 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದಾಗ, ಆ ಸಾಮಗ್ರಿಗೆ ಕನ್ನಡಿಗರ ಕೈಯಲ್ಲಿ ಬೇರೊಂದು ಅರ್ಥ ಬಂದಿತು. ಈ ರೂಪಾಂತರದ ಎರಡೂ ತುದಿಗಳನ್ನು ಹಿಡಿದ ಅಧ್ಯಯನ ನಮಗೆ ಬೇಕಾಗಿದೆ.

ಸಂಸ್ಥೆಯ ‘ಗ್ರಂಥ ಸಂಜೀವನಿ’ ಡಿಜಿಟಲ್ ಭಂಡಾರದಿಂದ ಹಳೆಯ ಗ್ರಂಥಗಳನ್ನು ದೂರದ ಊರುಗಳಲ್ಲಿರುವವರೂ ಓದುವಂತಾಗಿದೆ. ಇದು ಸ್ವಾಗತಾರ್ಹ. ಆದರೆ ಪುಟ ತೆರೆಯುವುದೂ ಪಾಠ ಬಿಡಿಸುವುದೂ ಒಂದೇ ಅಲ್ಲ. ರೋಮನ್ ಅಥವಾ ದೇವನಾಗರಿ ಲಿಪ್ಯಂತರದಲ್ಲಿರುವ ಹಳಗನ್ನಡ ಪದ್ಯವನ್ನು ಗಣವಿಂಗಡಿಸಿ ಓದಬಲ್ಲವರು ಹೊರನಾಡಿನಲ್ಲಿ ವಿರಳರಾಗುತ್ತಿದ್ದಾರೆ. ಮರಾಠಿ ಬಲ್ಲ ಕನ್ನಡ ಸಂಶೋಧಕರಿಗೆ ಇಲ್ಲಿ ವಿಶೇಷವಾದ ಅನುಕೂಲವಿದೆ. ದಖ್ಖನಿನ ಮಧ್ಯಯುಗವನ್ನು ಒಂದೇ ಭಾಷೆಯ ಮೂಲಕ ತಿಳಿಯುವುದು ಕಷ್ಟಸಾಧ್ಯ. ಆ ಅನುಕೂಲ ಒಂದು ತಲೆಮಾರಿನೊಂದಿಗೆ ಕಳೆದುಹೋದರೆ ಗ್ರಂಥಗಳು ಉಳಿದೂ ಓದುಗರಿಲ್ಲದಂತಾಗುತ್ತವೆ. ಆಗ ಫ್ಲೀಟ್ ಕೇಳಿದ ಪ್ರಶ್ನೆಗಳೇ ಕೊನೆಯ ಪ್ರಶ್ನೆಗಳಾಗಿ ನಿಲ್ಲುತ್ತವೆ.

ಆದ್ದರಿಂದ ಹೊರನಾಡಿನ ಕನ್ನಡ ವಿಭಾಗಗಳು ಮತ್ತು ಪೀಠಗಳು ತಮ್ಮ ಕಾರ್ಯಕ್ರಮಗಳನ್ನು ಇಂತಹ ಸಂಸ್ಥೆಗಳೊಡನೆ ಹೊಂದಿಸಿಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ. ಒಂದು ಶಾಸನದ ಅಚ್ಚು, ಅದರ ಮೊದಲ ಪ್ರಕಟಿತ ಪಾಠ, ಪರಿಷ್ಕೃತ ಪಾಠ ಇವನ್ನು ಒಟ್ಟಿಗೆ ಇರಿಸಿದರೆ ಪ್ರದರ್ಶನವೇ ಪಾಠವಾಗುತ್ತದೆ. ಅದೇ ಶಾಸನವನ್ನು ಕುರಿತ ಉಪನ್ಯಾಸವು ಅಲ್ಲಿ ಬಗೆಹರಿಯದ ಸಮಸ್ಯೆಗಳನ್ನು ಎತ್ತಿ ತೋರಿಸಬೇಕು. ಉಪನ್ಯಾಸ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿಯಾದರೂ ಆ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡು ವಾಚನಾಲಯಕ್ಕೆ ಬರುವಂತೆ ವಿದ್ಯಾರ್ಥಿವೇತನವೂ ಮಾರ್ಗದರ್ಶನವೂ ಇರಬೇಕು. ಕಲ್ಹೋಳಿಯ ಶಾಸನದಿಂದಲೇ ಈ ಕಾರ್ಯವನ್ನು ಆರಂಭಿಸಬಹುದು.