ಕೊಂದ್ರಾತ್ಯೆವನ ದೀರ್ಘ ಅಲೆಗಳು

ಧಾನ್ಯದ ಧಾರಣೆ ಒಂದು ವರ್ಷ ಏರಿ ಮತ್ತೊಂದು ವರ್ಷ ಇಳಿಯುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ಏರಿಳಿತಕ್ಕೆ ಒಂದು ಕ್ರಮವುಂಟೇ ಎಂದು ಕೇಳಿ, ಲೆಕ್ಕದಿಂದ ಉತ್ತರವನ್ನು ಹುಡುಕಹೊರಟವರು ಕೆಲವರೇ. ವ್ಯಾಪಾರದ ಮುಗ್ಗಟ್ಟು ಹತ್ತು ವರ್ಷಗಳ ಆಸುಪಾಸಿನಲ್ಲಿ ಮರಳಿ ಮರಳಿ ಬರುವುದೆಂದು ಫ್ರಾನ್ಸಿನ ಜುಗ್ಲಾರನು 1862ರಲ್ಲಿಯೇ ತೋರಿಸಿದ್ದನು. ರಷ್ಯದ ನಿಕೊಲಾಯ್ ಕೊಂದ್ರಾತ್ಯೆವನಿಗೆ ಕಂಡುದು ಅದಕ್ಕಿಂತಲೂ ಬಹು ಉದ್ದವಾದ ಅಲೆ. ಮನುಷ್ಯನು ತನ್ನ ಆಯುಷ್ಯದಲ್ಲಿ ಒಂದನ್ನು ಮಾತ್ರ ಪೂರ್ಣವಾಗಿ ಕಾಣಬಹುದಾದಂಥ ಅಲೆ.

1892ರಲ್ಲಿ ರೈತರ ಮನೆಯಲ್ಲಿ ಹುಟ್ಟಿದ ಈತನು 1920ರಲ್ಲಿ ಮಾಸ್ಕೋ ನಗರದಲ್ಲಿ ಮಾರುಕಟ್ಟೆಯ ಸ್ಥಿತಿಗತಿಗಳನ್ನು ಅಭ್ಯಸಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಇಂಗ್ಲೆಂಡು, ಫ್ರಾನ್ಸು ಮೊದಲಾದ ದೇಶಗಳ ಸಗಟು ಬೆಲೆ, ಬಡ್ಡಿ, ಕೂಲಿ, ಕಲ್ಲಿದ್ದಲು, ಕಬ್ಬಿಣ ಇವುಗಳಿಗೆ ಸಂಬಂಧಿಸಿದ, ಹೆಚ್ಚೆಂದರೆ 140 ವರ್ಷಗಳ ಅಂಕಿಗಳನ್ನು ಕಲೆಹಾಕಿದನು. ಒಂಬತ್ತೊಂಬತ್ತು ವರ್ಷಗಳ ಸರಾಸರಿಯನ್ನು ತೆಗೆದು ಸಣ್ಣ ಏರಿಳಿತಗಳನ್ನು ಸವರಿಹಾಕಿದನು. ಇದು ನಮ್ಮ ಶಾಲೆಯ ಮಕ್ಕಳು ಕಲಿಯುವ ಸರಾಸರಿಯೇ. ಬೇರೆ ಮಂತ್ರವೇನೂ ಇಲ್ಲ. ಆಗ ಉಳಿದುದು ಸುಮಾರು ಐವತ್ತು ವರ್ಷಗಳ ಅಲೆ. 1780ರ ದಶಕದ ಕೊನೆಯಿಂದ 1810-17ರವರೆಗೆ ಏರಿಕೆ, 1844-51ರವರೆಗೆ ಇಳಿತ. ಮತ್ತೆ 1870-75ರವರೆಗೆ ಏರಿಕೆ, 1890-96ರವರೆಗೆ ಇಳಿತ. ಅನಂತರ 1914-20ರವರೆಗೆ ಇನ್ನೊಂದು ಏರಿಕೆ.

ಎರಡೂವರೆ ಅಲೆಗಳನ್ನು ನೋಡಿ ನಿಯಮವನ್ನು ಹೇಳುವುದು ಅವಸರವೆಂದೇ ನಮ್ಮ ಎಣಿಕೆ. ಇಂದಿಗೂ ಅನೇಕ ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಇಂಥ ಏರಿಳಿತಕ್ಕೆ ಯುದ್ಧ, ಕ್ರಾಂತಿ, ಹೊಸ ದೇಶಗಳ ಆಕ್ರಮಣಗಳೇ ಕಾರಣವಲ್ಲದೆ ಒಳಗಿನ ಲಯವಲ್ಲವೆಂದು ಟ್ರಾಟ್‌ಸ್ಕಿಯು 1923ರಲ್ಲಿಯೇ ವಾದಿಸಿದ್ದನು. 1926ರಲ್ಲಿ ಓಪಾರಿನನು ಅವನ ಗಣಿತದ ರೀತಿಯನ್ನೇ ಖಂಡಿಸಿದನು. ಅಲ್ಲಿಯವರೆಗೆ ಲೆಕ್ಕಕ್ಕೆ ಲೆಕ್ಕವೇ ಉತ್ತರವಾಗಿದ್ದಿತು.

ಮುಂದೆ ಹಾಗೆ ನಡೆಯಲಿಲ್ಲ. ಇಳಿತದ ಅನಂತರ ಏರಿಕೆ ಬರುವುದೆಂದರೆ ಬಂಡವಾಳಶಾಹಿ ವ್ಯವಸ್ಥೆಯು ಮುಗ್ಗಟ್ಟಿನಿಂದ ಚೇತರಿಸಿಕೊಳ್ಳಬಲ್ಲುದೆಂದಂತಾಯಿತು. ಅದರ ಅವಸಾನವನ್ನು ಸಾರುತ್ತಿದ್ದವರಿಗೆ ಈ ಮಾತು ರುಚಿಸೀತೆ? ಅದಕ್ಕಿಂತಲೂ ದೊಡ್ಡ ತಪ್ಪೆಂದರೆ, ರೈತನ ಕೈ ಬಲಗೊಳ್ಳದೆ ಕೈಗಾರಿಕೆ ಬೆಳೆಯಲಾರದೆಂದು ಆತನು ಹೇಳುತ್ತಿದ್ದುದು. 1928ರಲ್ಲಿ ಸಂಸ್ಥೆಯಿಂದ ಅವನನ್ನು ತೆಗೆದುಹಾಕಿದರು. 1930ರಲ್ಲಿ, ಇಲ್ಲದ ಒಂದು ರೈತಪಕ್ಷದ ಮುಖಂಡನೆಂದು ಆರೋಪಿಸಿ ಬಂಧಿಸಿದರು. ಎಂಟು ವರ್ಷಗಳ ಶಿಕ್ಷೆಯಾಯಿತು.

ಸುಜ್ದಾಲ್ ಊರಿನ ಸೆರೆಮನೆಯಲ್ಲಿ, ಆರೋಗ್ಯ ಕೆಡುತ್ತಿದ್ದರೂ, ಆತನು ಗ್ರಂಥರಚನೆಯನ್ನು ಬಿಡಲಿಲ್ಲ. ಪುಟ್ಟ ಮಗಳಿಗಾಗಿ ಚಿತ್ರಸಹಿತ ಕಥೆಯೊಂದನ್ನೂ ಬರೆದು ಕಳುಹಿಸಿದನು. 1935ರಲ್ಲಿ ಅವನ ಲೇಖನವು ಸಂಕ್ಷೇಪವಾಗಿ ಇಂಗ್ಲಿಷಿನಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಲೇಖಕನು ಸೆರೆಯಲ್ಲಿದ್ದನು. 1938ರ ಆಗಸ್ಟ್ 31ರಂದು ಮಗಳಿಗೆ ಕೊನೆಯ ಪತ್ರವನ್ನು ಬರೆದನು. ಸೆಪ್ಟೆಂಬರ್ 17ರಂದು ಗುಂಡಿಕ್ಕಿ ಕೊಂದರು; ಆಗ ವಯಸ್ಸು 46.

ಮರುವರ್ಷ, 1939ರಲ್ಲಿ, ಶುಂಪೀಟರನು ವ್ಯಾಪಾರಚಕ್ರಗಳನ್ನು ಕುರಿತ ತನ್ನ ಮಹಾಗ್ರಂಥದಲ್ಲಿ ಆ ದೀರ್ಘ ಅಲೆಗೆ ಕೊಂದ್ರಾತ್ಯೆವನ ಹೆಸರನ್ನೇ ಇಟ್ಟನು. ಸ್ವದೇಶದಲ್ಲಿ ಅವನ ಮೇಲಿನ ಆರೋಪಗಳು ಪೂರ್ಣವಾಗಿ ರದ್ದಾದುದು 1987ರಲ್ಲಿ.