ಮೂವತ್ತೆರಡು ಸಲ ಸಾಕಾ? ಸ್ಟ್ರೋಕ್, ಮಿದುಳು ಮತ್ತು ನಮ್ಮ ಮೊಬೈಲ್

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಅಜ್ಜನಿಗೆ ಸ್ಟ್ರೋಕ್ ಆಗಿದೆ. ಊರಲ್ಲಿ ಲಕ್ವ ಹೊಡೀತು ಅಂತಾರಲ್ಲ, ಅದೇ. ಆಸ್ಪತ್ರೆಯಿಂದ ಮನೆಗೆ ಬಂದಾಯ್ತು. ಆದರೆ ಬಲಗೈ ಮಾತು ಕೇಳ್ತಿಲ್ಲ. ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ದಿನ ಬರ್ತಾರೆ. ಮಿಕ್ಕ ಐದು ದಿನ? ಮೊಮ್ಮಗಳು ಮೊಬೈಲ್ ತೆಗೆದು ಹುಡುಕ್ತಾಳೆ, ವ್ಯಾಯಾಮದ ಆ್ಯಪ್‌ಗಳು ಸಾಲುಸಾಲಾಗಿ ಬರ್ತವೆ. ಇವುಗಳಿಂದ ನಿಜಕ್ಕೂ ಉಪಯೋಗ ಇದೆಯಾ? ಇದಕ್ಕೆ ಉತ್ತರ ಹುಡುಕೋಕೆ ನಾವು 1950ರ ದಶಕದ ಕೊನೆಗೆ ಹೋಗಬೇಕು.

ಪೆದ್ರೋ ಬಾಕ್-ಇ-ರೀಟಾ ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ವಿದ್ವಾಂಸರು. 65ರ ವಯಸ್ಸಿನಲ್ಲಿ ಸ್ಟ್ರೋಕ್ ಆಯ್ತು. ಅರ್ಧ ಮೈ ಸ್ವಾಧೀನ ತಪ್ಪಿತು, ಮಾತು ನಿಂತಿತು. ಆಸ್ಪತ್ರೆಯ ಚಿಕಿತ್ಸೆಯಿಂದ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಆಗ ಮೆಕ್ಸಿಕೋದಲ್ಲಿ ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್, ಅಪ್ಪನನ್ನು ತನ್ನ ಮನೆಗೆ ಕರ್ಕೊಂಡು ಹೋದ. ಆಗಿನ ಪಠ್ಯಪುಸ್ತಕಗಳ ಪ್ರಕಾರ ದೊಡ್ಡವರ ಮಿದುಳು ಒಮ್ಮೆ ಹಾಳಾದರೆ ಮುಗೀತು. ಜಾರ್ಜ್ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಮಗು ಮೊದಲು ಏನು ಮಾಡುತ್ತೆ? ಅಂಬೆಗಾಲಿಡುತ್ತೆ. ಸರಿ, ಅಪ್ಪನಿಗೂ ಅಂಬೆಗಾಲಿಂದಲೇ ಶುರು. ನೆಲದ ಮೇಲೆ ಗೋಲಿ ಉರುಳಿಸಿ ಸೋತ ಕೈಯಲ್ಲಿ ಹಿಡಿಸೋದು, ಪಾತ್ರೆ ತಿಕ್ಕಿಸೋದು. ಅದೇ ಕೆಲಸ ಮತ್ತೆ ಮತ್ತೆ, ತಿಂಗಳುಗಟ್ಟಲೆ. ಕೊನೆಗೆ ಪೆದ್ರೋ ನಡೆದರು, ಮಾತಾಡಿದರು, ಪಾಠ ಮಾಡೋಕೆ ವಾಪಸ್ ಹೋದರು!

ಮುಂದೆ 72ನೇ ವಯಸ್ಸಿನಲ್ಲಿ ಬೆಟ್ಟ ಹತ್ತುವಾಗ ಹೃದಯಾಘಾತದಿಂದ ತೀರಿಕೊಂಡರು. ಶವಪರೀಕ್ಷೆ ನೋಡಿ ವೈದ್ಯರೇ ಬೆರಗಾದರು. ಮಿದುಳಿನಿಂದ ಬೆನ್ನುಹುರಿಗೆ ಚಲನೆಯ ಆದೇಶ ಒಯ್ಯುವ ನರತಂತುಗಳಲ್ಲಿ ಶೇ 97ರಷ್ಟು ನಾಶವಾಗಿದ್ದವು. ಅಂದ್ರೆ ಹಾಳಾದ ಭಾಗ ವಾಸಿಯಾಗಿರಲಿಲ್ಲ. ಉಳಿದ ಭಾಗ ಹೊಸದಾಗಿ ಕೆಲಸ ಕಲಿತಿತ್ತು. ಇನ್ನೊಬ್ಬ ಮಗ ಪೌಲ್, ಮಿದುಳಿನ ಸಂಶೋಧಕ. ಈ ಘಟನೆಯ ನಂತರ ಪುನಶ್ಚೇತನ ವೈದ್ಯಕೀಯದ ಕಡೆಗೇ ತಿರುಗಿದರು.

ಒಬ್ಬರ ಕಥೆಯಿಂದ ವಿಜ್ಞಾನ ಆಗಲ್ಲ, ಅಲ್ವಾ? ಅಮೆರಿಕದ ಎಡ್ವರ್ಡ್ ಟೌಬ್ ರೂಪಿಸಿದ ಚಿಕಿತ್ಸೆಯಲ್ಲಿ ಚೆನ್ನಾಗಿರುವ ಕೈಗೇ ಕೈಚೀಲದಂಥ ಗವಸು ಹಾಕ್ತಾರೆ. ಆಗ ಸೋತ ಕೈ ಕೆಲಸ ಮಾಡಲೇಬೇಕು. 2006ರಲ್ಲಿ ಪ್ರಕಟವಾದ 'ಎಕ್ಸೈಟ್' ಅಧ್ಯಯನ 222 ಜನರಲ್ಲಿ ಇದನ್ನು ಪರೀಕ್ಷಿಸಿತು. ಕೈಯಲ್ಲಿ ಸ್ವಲ್ಪವಾದರೂ ಚಲನೆ ಉಳಿದಿದ್ದವರಿಗೆ ಎರಡು ವಾರದ ಈ ಕಠಿಣ ಅಭ್ಯಾಸ ಸ್ಪಷ್ಟ ಲಾಭ ಕೊಟ್ಟಿತು.

ಹಾಗಾದ್ರೆ ಎಷ್ಟು ಸಲ ಮಾಡಬೇಕು? ಪ್ರಯೋಗಾಲಯದ ಪ್ರಾಣಿಗಳ ಮಿದುಳು ಬದಲಾಗಿದ್ದು ದಿನಕ್ಕೆ ನೂರಾರು ಸಲದ ಅಭ್ಯಾಸದಿಂದ. ಮನುಷ್ಯರ ಕಥೆ? 2009ರಲ್ಲಿ ಅಮೆರಿಕದ ಸಂಶೋಧಕರು ಥೆರಪಿ ನಡೆಯುವ ಜಾಗದಲ್ಲೇ ನಿಂತು ಎಣಿಸಿದರು. ದಿನನಿತ್ಯದ ಕೆಲಸಕ್ಕೆ ಬೇಕಾದ ಕೈ ಚಲನೆಯ ಅಭ್ಯಾಸ ಒಂದು ಸೆಷನ್‌ಗೆ ಸರಾಸರಿ ಬರೀ 32 ಸಲ!

ಈ ಕೊರತೆ ಇದ್ದ ಕಡೆಗೇ ಮೊಬೈಲ್ ಬಂದಿದ್ದು. ಅದಕ್ಕೆ ಬೇಸರ ಇಲ್ಲ. ವಿಡಿಯೊ ತೋರಿಸುತ್ತೆ, ಸಮಯಕ್ಕೆ ನೆನಪಿಸುತ್ತೆ, ಎಷ್ಟಾಯ್ತು ಅಂತ ಲೆಕ್ಕ ಇಡುತ್ತೆ. ನಮ್ಮ ದೇಶದಲ್ಲೂ ಸುಮಾರು 2015ರ ಹೊತ್ತಿಗೆ 'ಕೇರ್ ಫಾರ್ ಸ್ಟ್ರೋಕ್' ಅನ್ನೋ ಸ್ಮಾರ್ಟ್‌ಫೋನ್ ಕಾರ್ಯಕ್ರಮವನ್ನು ಚೆನ್ನೈನಲ್ಲಿ ರೋಗಿಗಳ ಜೊತೆ ಪರೀಕ್ಷಿಸಿದರು.

ಆದ್ರೆ ಇಲ್ಲೊಂದು ಕಹಿ ಪಾಠನೂ ಇದೆ. ಮನೆಯವರಿಗೇ ತರಬೇತಿ ಕೊಟ್ಟರೆ ಸಾಕಾ? ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ 'ಅಟೆಂಡ್' ಅಧ್ಯಯನ ಇದನ್ನೇ ಕೇಳಿತ್ತು. ಫಲಿತಾಂಶ ಬಂದಿದ್ದು 2017ರಲ್ಲಿ. ಮನೆಯವರು ತರಬೇತಿ ಪಡೆದ ಗುಂಪಿರಲಿ, ಪಡೆಯದ ಗುಂಪಿರಲಿ, ಆರು ತಿಂಗಳ ನಂತರ ಶೇ 47ರಷ್ಟು ಜನ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರ ಆಸರೆಯಲ್ಲಿದ್ದರು. ಯಾವ ವ್ಯತ್ಯಾಸವೂ ಇಲ್ಲ. ಜಾರ್ಜ್‌ನ ಯಶಸ್ಸು ಎಲ್ಲ ಮನೆಯಲ್ಲೂ ತಾನಾಗೇ ಆಗಲ್ಲ ಅಂತಾಯ್ತು. ಮನೆಯವರ ಪ್ರೀತಿ ಬೇಕು ನಿಜ. ಆದ್ರೆ ಅದು ಪರಿಣತರ ಜಾಗ ತುಂಬಲ್ಲ.

ಹಾಗಾಗಿ ಆ್ಯಪ್ ಡೌನ್‌ಲೋಡ್ ಮಾಡೋ ಮುಂಚೆ ಅದನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಯಾವ ವ್ಯಾಯಾಮ, ಎಷ್ಟು ಸಲ, ಎಲ್ಲಿ ನಿಲ್ಲಿಸಬೇಕು ಅಂತ ಅವರೇ ಹೇಳಲಿ. ಲೆಕ್ಕ ಮೊಬೈಲ್ ಇಡಲಿ. ಮಿಕ್ಕಿದ್ದು ನಿಮ್ಮ ಕೆಲಸ: ಅಜ್ಜನ ಎದುರು ಕೂತು ಗೋಲಿ ಉರುಳಿಸೋದು. ಮೂವತ್ತೆರಡಕ್ಕೆ ಏಳಬೇಡಿ. ಮತ್ತೆ ಸಿಗೋಣ.