ಒಂದೇ ತಂತಿಯಲ್ಲಿ ಮಾತು ಮತ್ತು ಮಾಹಿತಿ: ನೀಲಗಿರಿಯ ಕಚೇರಿಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಕಚೇರಿಯ ಡಿಜಿಟಲ್ ದೂರವಾಣಿಯನ್ನೂ ಬ್ರಾಡ್‌ಬ್ಯಾಂಡನ್ನೂ ಒಂದೇ ಸಂಪರ್ಕಕ್ಕೆ ಸೇರಿಸಬಹುದೇ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಬಾಡಿಗೆಯ ಲೆಕ್ಕದ್ದು: ಎರಡು ಬಿಲ್ಲು ಕಟ್ಟುವ ಕಡೆ ಒಂದೇ ಬಿಲ್ಲು. ಈ ಟಿಪ್ಪಣಿಯ ಪ್ರಶ್ನೆ ಬೇರೆ. ಎರಡೂ ಸೇರಿದ ಮೇಲೆ ಅವು ನಿಜವಾಗಿ ಹಂಚಿಕೊಳ್ಳುವುದು ಏನನ್ನು? ಕಾಲವನ್ನೋ, ಆವರ್ತನವನ್ನೋ, ಸರತಿಯನ್ನೋ? ಅದರ ಜೊತೆಗೆ ದಾರಿಯನ್ನೂ ಕರೆಂಟನ್ನೂ ಹಂಚಿಕೊಳ್ಳುತ್ತವೆಯೋ?

ನೀಲಗಿರಿ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಉದಗಮಂಡಲ (ಊಟಿ) ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಗೂಡಲೂರು, ಮಸಿನಗುಡಿ ಎರಡೂ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ. ಮೈಸೂರಿನ ದಾರಿ ಬಂಡೀಪುರ, ಮುದುಮಲೆಯ ಕಾಡು ಹಾಯ್ದು ಬರುತ್ತದೆ. ಜನ ಹೋಗುವ ದಾರಿಯೇ ಇಷ್ಟು ಕಡಿದಾಗಿರುವಲ್ಲಿ ತಂತಿಯ ದಾರಿಯೂ ಸುಲಭದ್ದಲ್ಲ.

ಹಿನ್ನೆಲೆ

ದೂರವಾಣಿ ಡಿಜಿಟಲ್ ಆದ ಕಥೆಯಲ್ಲಿ ಕನ್ನಡನಾಡಿಗೂ ಒಂದು ಪುಟವಿದೆ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ದೂರವಾಣಿ ಉಪಕರಣ ತಯಾರಿಸುವ ಐಟಿಐ ಕಾರ್ಖಾನೆಯಿಂದಾಗಿ ದೂರವಾಣಿನಗರ ಎಂಬ ಬಡಾವಣೆಯೇ ಹುಟ್ಟಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ಲೈನುಗಳ ಪುಟ್ಟ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲ ಘಟಕ 1986ರ ಜುಲೈಯಲ್ಲಿ ಕಿತ್ತೂರಿನಲ್ಲಿ ಕೆಲಸ ಶುರು ಮಾಡಿತು. ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ ನಡೆಯಬೇಕು ಎಂಬ ಎಚ್ಚರ ಅದರ ವಿನ್ಯಾಸದಲ್ಲೇ ಇತ್ತು. ಊರಿನ ಪರಿಸ್ಥಿತಿ ನೋಡಿ ಯಂತ್ರ ಮಾಡಬೇಕು ಎಂಬ ಆ ವಿವೇಕ ಈ ಟಿಪ್ಪಣಿಗೂ ಆಧಾರ.

ಎಕ್ಸ್‌ಚೇಂಜು ಡಿಜಿಟಲ್ ಆದರೂ ಅಲ್ಲಿಂದ ಚಂದಾದಾರರ ಬಾಗಿಲವರೆಗಿನ ತಾಮ್ರದ ಜೋಡಿ ತಂತಿ ಹಳೆಯ ರೀತಿಯಲ್ಲೇ ಉಳಿಯಿತು. 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಆರಂಭವಾಯಿತು. 2003ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಟೀಸರ್ವ್ ಎಂಬ ವಿದ್ಯುನ್ಮಾನ ಚಹಾ ಹರಾಜು ಕೇಂದ್ರ ಬಂತು. ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಸರ್ಕಾರ ವ್ಯಾಖ್ಯಾನಿಸಿದ್ದು 2004ರಲ್ಲಿ. ಬಿಎಸ್‌ಎನ್‌ಎಲ್ ತನ್ನ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ್ದು 2005ರ ಜನವರಿಯಲ್ಲಿ. ಅಂದರೆ ಬೆಟ್ಟದ ಮೇಲಿನ ಚಹಾ ವ್ಯಾಪಾರಕ್ಕೆ ಮಾತು ಮತ್ತು ಮಾಹಿತಿ ಎರಡೂ ಏಕಕಾಲಕ್ಕೆ ಬೇಕಾದದ್ದು ಬ್ರಾಡ್‌ಬ್ಯಾಂಡ್ ಬರುವ ಮೊದಲೇ. ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು.

ಸೇರಿಸುವ ಮೂರು ಬಗೆ

ಮೊದಲನೆಯದು ಕಾಲವನ್ನು ಹಂಚುವುದು. ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ 64 ಕಿಲೋಬಿಟ್ ಆಗುತ್ತದೆ. ಡಿಜಿಟಲ್ ದೂರವಾಣಿಯ ಮೂಲ ಅಳತೆಗೋಲು ಇದೇ. ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಪದ್ಧತಿಯ ಸಣ್ಣ ಸಂಪರ್ಕದಲ್ಲಿ ಇಂಥ 2 ವಾಹಿನಿಗಳೂ ಸಂಕೇತಗಳಿಗೆ 16 ಕಿಲೋಬಿಟ್‌ನ ಒಂದು ವಾಹಿನಿಯೂ ಇರುತ್ತವೆ. ಎರಡು ವಾಹಿನಿಗಳನ್ನೂ ಇಂಟರ್‌ನೆಟ್ಟಿಗೆ ಕೊಟ್ಟರೆ 128 ಕಿಲೋಬಿಟ್; ನಡುವೆ ಫೋನು ಬಂದರೆ ಒಂದನ್ನು ಮಾತಿಗೆ ಬಿಟ್ಟುಕೊಟ್ಟು ಇಂಟರ್‌ನೆಟ್ 64ಕ್ಕೆ ಇಳಿಯಬೇಕು. ದೊಡ್ಡ ಕಚೇರಿಗಳಿಗಿರುವ, ಅದೇ ಪದ್ಧತಿಯ ಪಿಆರ್‌ಐ ಲೈನಿನಲ್ಲಿ 32 ಕಾಲಖಂಡಗಳು, ಒಟ್ಟು 2,048 ಕಿಲೋಬಿಟ್. ಅವುಗಳಲ್ಲಿ 30 ಮಾತಿಗೆ ಮೀಸಲು. ಈ ಪದ್ಧತಿಯಲ್ಲಿ ಒಬ್ಬರ ಪಾಲನ್ನು ಇನ್ನೊಬ್ಬರು ಕಸಿಯುವಂತಿಲ್ಲ.

ಎರಡನೆಯದು ಆವರ್ತನವನ್ನು ಹಂಚುವುದು. ಮಾಮೂಲಿ ದೂರವಾಣಿಯ ಮಾತು 4 ಕಿಲೋಹರ್ಟ್ಸ್‌ನೊಳಗೇ ಮುಗಿಯುತ್ತದೆ. ಅದೇ ತಂತಿಯ ಮೇಲೆ ಸುಮಾರು 25 ಕಿಲೋಹರ್ಟ್ಸ್‌ನಿಂದ 1,104ರವರೆಗೆ ಎಡಿಎಸ್‌ಎಲ್ ಎಂಬ ಬ್ರಾಡ್‌ಬ್ಯಾಂಡ್ ಓಡುತ್ತದೆ. ಅದರ ಸುಧಾರಿತ ರೂಪ 2,208ರವರೆಗೂ ಹೋಗುತ್ತದೆ. ಗೋಡೆಯ ಬಳಿ ಇರುವ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಪ್ಲಿಟರ್ ಎರಡನ್ನೂ ಬೇರ್ಪಡಿಸಿ ಒಂದು ತಂತಿಯನ್ನು ಫೋನಿಗೆ, ಇನ್ನೊಂದನ್ನು ಮೋಡೆಮ್‌ಗೆ ಕೊಡುತ್ತದೆ.

ಕಚೇರಿಗಳು ಎಡವುವುದು ಇಲ್ಲಿಯೇ. ಮನೆಯ ಲೈನಿಗೆ ಬ್ರಾಡ್‌ಬ್ಯಾಂಡ್ ಸಿಕ್ಕಿತಲ್ಲ, ಕಚೇರಿಯ ಡಿಜಿಟಲ್ ಲೈನಿಗೆ ಇನ್ನೂ ಸುಲಭವಾಗಿ ಸಿಗಬೇಕು ಎಂದು ಅನ್ನಿಸುವುದು ಸಹಜ. ಆದರೆ ಆಗುವುದು ತಿರುಗುಮುರುಗು. ಐಎಸ್‌ಡಿಎನ್ ಸಂಕೇತ 80 ಕಿಲೋಹರ್ಟ್ಸ್‌ವರೆಗೆ, ಕೆಲವು ದೇಶಗಳ ಪದ್ಧತಿಯಲ್ಲಿ 120ರವರೆಗೆ ಹರಡಿಕೊಳ್ಳುತ್ತದೆ. ಎಡಿಎಸ್‌ಎಲ್ ಮೇಲಕ್ಕೆ ಕಳಿಸುವ (ಅಪ್‌ಲೋಡ್) ಮಾಹಿತಿಯ ಜಾಗವೂ ಅಲ್ಲೇ ಇದೆ. ಐಎಸ್‌ಡಿಎನ್ ಮನೆಮನೆಗೂ ಹೋಗಿದ್ದ ಜರ್ಮನಿಯಲ್ಲಿ ಈ ಜಾಗವನ್ನೇ 138 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಸರಿಸಿದ ಅನೆಕ್ಸ್-ಬಿ ಎಂಬ ಪ್ರತ್ಯೇಕ ಪದ್ಧತಿಯನ್ನು ಬಳಸಿದರು. ನಮ್ಮಲ್ಲಿ ಬಳಕೆಗೆ ಬಂದದ್ದು ಮಾಮೂಲಿ ಫೋನಿಗೆ ಹೊಂದುವ ಅನೆಕ್ಸ್-ಎ. ಹಾಗಾಗಿ ಇಲ್ಲಿ ಐಎಸ್‌ಡಿಎನ್ ಇರುವ ಕಚೇರಿಗೆ ಬ್ರಾಡ್‌ಬ್ಯಾಂಡ್ ಬೇಕಾದರೆ ಇನ್ನೊಂದು ಜೋಡಿ ತಂತಿ ಬೇಕು. ಪಿಆರ್‌ಐ ಲೈನಿನ ವಿಷಯದಲ್ಲೂ ಇದೇ ಮಾತು.

ಮೂರನೆಯದು ಸರತಿಯನ್ನು ಹಂಚುವುದು. ಮಾತನ್ನು ಪುಟ್ಟ ಪೊಟ್ಟಣಗಳಾಗಿ ಕಟ್ಟಿ ಇಂಟರ್‌ನೆಟ್ ಸಂಪರ್ಕದಲ್ಲೇ ಕಳಿಸುವುದು. ಈಗ ಫೈಬರಿನ ಜೊತೆಗೆ ಬರುವ ದೂರವಾಣಿ ಈ ಬಗೆಯದೇ. ಇಲ್ಲಿ ಮೀಸಲು ಜಾಗವಿಲ್ಲ. ಮಾತೂ ಇಮೇಲೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಒಂದು ಕಚೇರಿಯ ಲೆಕ್ಕ

ಗೂಡಲೂರಿನಲ್ಲಿ ಹಸಿ ಚಹಾ ಎಲೆ ಕೊಳ್ಳುವ ಒಂದು ಕಚೇರಿ ಇದೆ ಎಂದುಕೊಳ್ಳೋಣ. ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್. ಮೇಲಕ್ಕೆ ಕಳಿಸುವ ವೇಗ ಸೆಕೆಂಡಿಗೆ 512 ಕಿಲೋಬಿಟ್. ಒಂದು ಕರೆಯಲ್ಲಿ ಸೆಕೆಂಡಿಗೆ 50 ಪೊಟ್ಟಣ. ಒಂದೊಂದರಲ್ಲಿ 160 ಬೈಟ್ ಮಾತು, 40 ಬೈಟ್ ವಿಳಾಸ. ಇಷ್ಟಕ್ಕೇ 80 ಕಿಲೋಬಿಟ್ ಆಯಿತು. ಎಡಿಎಸ್‌ಎಲ್‌ನ ಹೊದಿಕೆಗಳು ಸೇರಿದರೆ ನೂರು ದಾಟುತ್ತದೆ. ನಾಲ್ವರು ಏಕಕಾಲಕ್ಕೆ ಮಾತಾಡಿದರೆ ಉಳಿಯುವುದು ನೂರಕ್ಕಿಂತ ಕಡಿಮೆ. ಮಾತನ್ನು 8 ಕಿಲೋಬಿಟ್‌ಗೆ ಕುಗ್ಗಿಸುವ ವಿಧಾನವೂ ಇದೆ. ಅಲ್ಲಿ ಪೊಟ್ಟಣಕ್ಕೆ 20 ಬೈಟ್ ಮಾತು, 40 ಬೈಟ್ ವಿಳಾಸ: ಕಾಗದಕ್ಕಿಂತ ಲಕೋಟೆಯೇ ಭಾರ.

ಈಗ ಗುಮಾಸ್ತರೊಬ್ಬರು ಎಲೆಯ ಫೋಟೋವನ್ನು ಇಮೇಲಿಗೆ ಲಗತ್ತಿಸಿ ಕಳಿಸುತ್ತಾರೆ. 1,500 ಬೈಟಿನ ಒಂದು ಪೊಟ್ಟಣ ಆ ಲೈನಿನಲ್ಲಿ ಹೊರಗೆ ಹೋಗಲು ಸುಮಾರು 23 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂಥ 30 ಪೊಟ್ಟಣಗಳು ಮೋಡೆಮ್‌ನಲ್ಲಿ ಮುಂದೆ ನಿಂತಿದ್ದರೆ ಹಿಂದೆ ಬಂದ ಮಾತು ಸುಮಾರು 700 ಮಿಲಿಸೆಕೆಂಡ್ ಕಾಯಬೇಕು. ಮಾತು ಸಹಜವಾಗಿ ನಡೆಯಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. 700 ಆದರೆ ಇಬ್ಬರೂ ಒಟ್ಟಿಗೇ ಮಾತಾಡಿ, ಇಬ್ಬರೂ ಒಟ್ಟಿಗೇ ಸುಮ್ಮನಾಗುತ್ತಾರೆ. ದೂರು ಬರುವುದು ಮಾತ್ರ “ಲೈನ್ ಸರಿಯಿಲ್ಲ” ಎಂದು.

ದೋಷ ಇರುವುದು ಲೈನಿನಲ್ಲಲ್ಲ, ಸರತಿಯ ಕ್ರಮದಲ್ಲಿ. ರೌಟರಿನಲ್ಲಿ ಮಾತಿನ ಪೊಟ್ಟಣಕ್ಕೆ ಆದ್ಯತೆ ಕೊಡಬೇಕು. ಜೊತೆಗೆ ಹೊರಹೋಗುವ ವೇಗವನ್ನು ಲೈನಿನ ವೇಗಕ್ಕಿಂತ ತುಸು ಕಡಿಮೆಗೆ ನಿಗದಿ ಮಾಡಬೇಕು. ಆಗ ಸಾಲು ನಿಲ್ಲುವುದು ಮೋಡೆಮ್‌ನ ಒಳಗಲ್ಲ, ನಮ್ಮ ರೌಟರಿನಲ್ಲಿ. ಯಾರನ್ನು ಮುಂದೆ ಬಿಡಬೇಕೆಂಬ ನಿರ್ಧಾರ ನಮ್ಮದಾಗುತ್ತದೆ. ತಂತಿಯಿಲ್ಲದ ಕಾಡಂಚಿನಲ್ಲಿ ಉಪಗ್ರಹ ಸಂಪರ್ಕ ಹಿಡಿದವರಿಗೆ ಈ ಉಪಾಯ ಸಾಲದು. ಸುಮಾರು 36,000 ಕಿಲೋಮೀಟರ್ ಮೇಲಿರುವ ಸ್ಥಿರ ಕಕ್ಷೆಗೆ ಹೋಗಿ ಬರುವುದಕ್ಕೇ ಸುಮಾರು 240 ಮಿಲಿಸೆಕೆಂಡ್ ಬೇಕು.

ಮಳೆ, ಮಣ್ಣು, ಕರೆಂಟು

ತಾಮ್ರದ ಜೆಲ್ಲಿ ಕೇಬಲ್ಲಿನ ಜಾಯಿಂಟಿನೊಳಗೆ ನೀರು ಇಳಿದರೆ ಫೋನಿನಲ್ಲಿ ಗರಗರ ಸದ್ದು ಶುರುವಾಗುತ್ತದೆ. ಮಾತು ಹೇಗೋ ಕೇಳಿಸುತ್ತದೆ, ಬ್ರಾಡ್‌ಬ್ಯಾಂಡ್ ಪದೇಪದೇ ಕಡಿಯುತ್ತದೆ. ಜೋಡಿಯಲ್ಲಿ ಒಂದೇ ತಂತಿ ತುಂಡಾದಾಗ ಇದಕ್ಕೆ ವಿರುದ್ಧ: ಫೋನು ಪೂರ್ತಿ ಸತ್ತಿದ್ದರೂ ಕೆಲವೊಮ್ಮೆ ಬ್ರಾಡ್‌ಬ್ಯಾಂಡ್ ಕುಂಟುತ್ತ ನಡೆಯುತ್ತದೆ. ಹೆಚ್ಚಿನ ಆವರ್ತನದ ಸಂಕೇತ ಆ ಸಣ್ಣ ಬಿರುಕನ್ನು ದಾಟಬಲ್ಲದು, ಫೋನಿಗೆ ಬೇಕಾದ ನೇರ ವಿದ್ಯುತ್ತು ದಾಟಲಾರದು. ಒಂದೇ ತಂತಿಯಲ್ಲಿದ್ದರೂ ಎರಡೂ ಸೇವೆಗಳು ಒಟ್ಟಿಗೇ ಸಾಯುತ್ತಿರಲಿಲ್ಲ. ಮೇಲುನೋಟಕ್ಕೆ ಇದು ಕಿರಿಕಿರಿ, ವಾಸ್ತವದಲ್ಲಿ ಒಂದು ರಕ್ಷಣೆ.

ಫೈಬರಿನಲ್ಲಿ ಈ ರಗಳೆಗಳಿಲ್ಲ. ತೇವ ಅದಕ್ಕೆ ತಾಮ್ರದಷ್ಟು ತಾಗದು. ಗಾಜು ವಿದ್ಯುದ್ವಾಹಕವಲ್ಲದ ಕಾರಣ ಸಿಡಿಲಿನ ಹೊಡೆತ ಅದರ ಮೂಲಕ ಉಪಕರಣಕ್ಕೆ ಬರುವುದಿಲ್ಲ. ಬೆಟ್ಟದ ಊರಿಗೆ ಇದು ದೊಡ್ಡ ಲಾಭ. ಆದರೆ ಮಣ್ಣು ಕುಸಿದರೆ ಎರಡಕ್ಕೂ ಒಂದೇ ಗತಿ. 2009ರ ನವೆಂಬರಿನ ಭೂಕುಸಿತಗಳು ಈ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡವು. 2019ರ ಆಗಸ್ಟಿನಲ್ಲಿ ಇದೇ ಜಿಲ್ಲೆಯ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ರಸ್ತೆ, ಕಂಬ, ಕೇಬಲ್ಲು ಒಂದೇ ಇಳಿಜಾರಿನಲ್ಲಿ ಸಾಗುವಾಗ ಒಂದು ಕುಸಿತ ಮೂರನ್ನೂ ಒಯ್ಯಬಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು ಕರೆಂಟು. ಹಳೆಯ ಲ್ಯಾಂಡ್‌ಲೈನಿಗೆ ವಿದ್ಯುತ್ ಬರುತ್ತಿದ್ದುದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿ ಸಾಲಿನಿಂದ, ಅದೇ ತಾಮ್ರದ ಮೂಲಕ. ಊರಿಗೆ ಊರೇ ಕತ್ತಲಾದರೂ ಫೋನು ರಿಂಗಾಗುತ್ತಿತ್ತು. ಫೈಬರಿನಲ್ಲಿ ಬೆಳಕು ಬರುತ್ತದೆ, ವಿದ್ಯುತ್ ಬರುವುದಿಲ್ಲ. ಗೋಡೆಯ ಡಬ್ಬಿ, ರೌಟರ್, ಮೇಜಿನ ಫೋನು ಮೂರಕ್ಕೂ ಕಚೇರಿಯ ಪ್ಲಗ್ಗೇ ಗತಿ. ಬ್ರಿಟನ್ನಿನಲ್ಲಿ ಹಳೆಯ ದೂರವಾಣಿ ಜಾಲವನ್ನು 2025ರ ಡಿಸೆಂಬರಿಗೆ ಮುಚ್ಚಬೇಕೆಂದಿದ್ದ ಗಡುವನ್ನು 2027ರ ಜನವರಿಗೆ ಮುಂದೂಡಿದ ಹಿಂದೆ ಇದ್ದದ್ದು ಇಂಥದ್ದೇ ಕಾಳಜಿ: ಒಂಟಿ ವೃದ್ಧರ ತುರ್ತು ಕರೆ ಸಾಧನಗಳು ಆ ಲೈನುಗಳನ್ನೇ ನಂಬಿಕೊಂಡಿದ್ದವು.

ಪರಿಹಾರ ದುಬಾರಿಯೇನಲ್ಲ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಅದರ ಶೇ 70 ಬಳಸಿಕೊಂಡರೂ 18 ವ್ಯಾಟ್ ಎಳೆಯುವ ಉಪಕರಣಗಳು ಮೂರು ಗಂಟೆಗೂ ಹೆಚ್ಚು ನಡೆಯುತ್ತವೆ. ಕಚೇರಿಯೊಳಗಿನ ಫೋನುಗಳನ್ನು ಜೋಡಿಸುವ ಕೆಲವು ಇಪಿಎಬಿಎಕ್ಸ್ ಯಂತ್ರಗಳಲ್ಲಿ, ಕರೆಂಟು ಹೋದ ಕೂಡಲೇ ಹೊರಗಿನ ಲೈನನ್ನು ನೇರವಾಗಿ ಒಂದು ಸಾದಾ ಫೋನಿಗೆ ಜೋಡಿಸುವ ಏರ್ಪಾಡೂ ಇರುತ್ತದೆ. ಕೊಳ್ಳುವಾಗ ಅದನ್ನು ಕೇಳಿ ತಿಳಿದುಕೊಳ್ಳಬೇಕು.

ನಂಬರು ಮತ್ತು ನಿಯಮ

ಉದಗಮಂಡಲದ ಎಸ್‌ಟಿಡಿ ಕೋಡ್ 0423, ಗೂಡಲೂರಿನದು 04262. ತಾಮ್ರದ ಲೈನಿನ ನಂಬರು ಒಂದು ನಿರ್ದಿಷ್ಟ ಗೋಡೆಗೆ ಅಂಟಿಕೊಂಡಿರುತ್ತದೆ. ಇಂಟರ್‌ನೆಟ್ ಮೂಲಕ ಬರುವ ನಂಬರನ್ನು ಬೇರೆಡೆಯಿಂದಲೂ ಬಳಸಲು ಸಾಧ್ಯ. ಶಾಖೆಗಳಿರುವ ಕಚೇರಿಗೆ ಇದು ಅನುಕೂಲ. ತುರ್ತು ಹೊತ್ತಿನಲ್ಲಿ ಮಾತ್ರ ಕರೆ ಎಲ್ಲಿಂದ ಬಂತೆಂದು ನಂಬರು ನೋಡಿ ಹೇಳಲಾಗದು. ನಿಯಮಗಳೂ ಸಡಿಲವಾಗುತ್ತ ಬಂದಿವೆ: ಇಂಟರ್‌ನೆಟ್ ದೂರವಾಣಿಗೆ 2002ರಲ್ಲಿ ಸೀಮಿತ ಅನುಮತಿ ಸಿಕ್ಕಿತು, 2018ರಲ್ಲಿ ದೇಶದ ಯಾವುದೇ ಫೋನಿಗೂ ಕರೆ ಮಾಡುವ ಅವಕಾಶ ಸ್ಪಷ್ಟವಾಯಿತು, ಕಾಲ್ ಸೆಂಟರುಗಳಂಥ ಸೇವೆಗಳ ಮೇಲಿದ್ದ ಕಟ್ಟುಪಾಡುಗಳು 2020 ಮತ್ತು 2021ರಲ್ಲಿ ಕಡಿಮೆಯಾದವು.

ಸಮಾರೋಪ

ಕಾಲ, ಆವರ್ತನ, ಸರತಿ ಈ ಮೂರರಲ್ಲಿ ಯಾವುದನ್ನು ಹಂಚಿಕೊಂಡರೂ ತಾಂತ್ರಿಕವಾಗಿ ನಿಭಾಯಿಸಬಹುದು. ದಾರಿಯನ್ನೂ ಕರೆಂಟನ್ನೂ ಹಂಚಿಕೊಂಡಾಗಲೇ ನಿಜವಾದ ಅಪಾಯ. ಆದ್ದರಿಂದ ನೀಲಗಿರಿಯ ಕಚೇರಿಗಳು ಮಾತನ್ನೂ ಮಾಹಿತಿಯನ್ನೂ ಫೈಬರಿನಲ್ಲಿ ಸೇರಿಸಲಿ. ಉಳಿತಾಯದ ಒಂದು ಪಾಲನ್ನು ಬ್ಯಾಟರಿಗೂ, ಬೇರೆ ದಾರಿಯಲ್ಲಿ ಬರುವ ಇನ್ನೊಂದು ಸಂಪರ್ಕಕ್ಕೂ ತೆಗೆದಿಡಲಿ. ಆ ಎರಡನೆಯದು ಮೊಬೈಲ್ ಆಗಿದ್ದರೂ ಸರಿ, ಅದರ ಟವರು ಅದೇ ಕೇಬಲ್ಲನ್ನು ಅವಲಂಬಿಸಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಕಚೇರಿಯ ಮೇನ್ ಸ್ವಿಚ್ ಆರಿಸಿ, ಹೊರಗಿನಿಂದ ಕಚೇರಿಯ ನಂಬರಿಗೆ ಕರೆ ಮಾಡಬೇಕು. ಮಸಿನಗುಡಿಯಂಥ ಊರಿನಲ್ಲಿ ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ಆಂಬುಲೆನ್ಸಿಗಾಗಿ 108ಕ್ಕೆ ಫೋನು ಮಾಡಬೇಕಾಗಿ ಬರುವುದು ಆ ಸ್ಥಿತಿಯಲ್ಲೇ ಇರಬಹುದು. ಆ ಸಂಜೆ ಫೋನು ರಿಂಗಾದರೆ ಜೋಡಣೆ ಸರಿಯಾಗಿದೆ ಎಂದರ್ಥ.